ಎರಡು ಬೆರಳು ಗಿಡ್ಡವಾದ ಹಳಿ

ಬೆಟ್ಟಗಳು ಬೇಸರವಾದಾಗ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದ ಕಾಲದಲ್ಲಿ ಕಂಚಿನಕೋಟೆ ಎಂಬೊಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬಾಚವ್ವ ಎಂಬ ಹೆಂಗಸಿದ್ದಳು. ಬೆಳಿಗ್ಗೆ ಅರಮನೆಯ ಅಡುಗೆಮನೆಗೆ ಶ್ಯಾವಿಗೆ ಹೊಸೆದು ಕೊಡುವುದು ಅವಳ ಕಸುಬು. ಮಧ್ಯಾಹ್ನದ ಮೇಲೆ ಹಿತ್ತಲಲ್ಲಿ ಕಬ್ಬಿಣ ಬಡಿಯುವುದು ಅವಳ ಹುಚ್ಚು.

ಹಿತ್ತಲಲ್ಲಿ ಒಂದು ಪುಟ್ಟ ಕುಲುಮೆ, ಅದಕ್ಕೆ ಗಾಳಿ ಊದಲು ಮೇಕೆ ತೊಗಲಿನ ತಿದಿ, ಊರವರು ಬಿಸಾಕಿದ ಮುರುಕು ಬಂಡಿಗಳು. ಪಕ್ಕದ ಮನೆಯ ಸಿರಿಯಮ್ಮ ಬೇಲಿಯಾಚೆಯಿಂದ ದಿನಾ ಕೇಳುವಳು.

"ಏನೇ ಬಾಚವ್ವ, ಊರಿನ ಕಮ್ಮಾರರೆಲ್ಲ ಸತ್ತುಹೋದರೇನೇ?"

"ಅವರು ಹೊಟ್ಟೆಪಾಡಿಗೆ ಬಡೀತಾರೆ ಕಣಕ್ಕ, ನಾನು ಖುಷಿಗೆ ಬಡೀತೀನಿ."

"ಖುಷಿಗೆ ಬಡಿಯೋದಕ್ಕೆ ಮನೇಲಿ ಗಂಡ ಇಲ್ಲವೇನೇ!"

ಗಂಡ ರೇಚಣ್ಣ ಅರಮನೆಯಲ್ಲಿ ಮುಂಜಾವಿನ ಹಾಡು ಹಾಡುವವನು. ಹಾಡಿನ ಮೂರನೆಯ ಸ್ವರ ಪ್ರತಿಸಲವೂ ಜಾರಿ ಬೀಳುತ್ತಿತ್ತು. ಆ ಹೊತ್ತಿಗೆ ರಾಜ ಇನ್ನೂ ನಿದ್ದೆಯಲ್ಲೇ ಇರುತ್ತಿದ್ದುದರಿಂದ ಕೆಲಸ ಉಳಿದುಕೊಂಡಿತ್ತು.

ಒಂದು ಸಲ ಬಾಚವ್ವ ಗಾಲಿಗೆ ಹಳಿ ಹಾಕಲು ಹೋದಳು. ಮರದ ಗಾಲಿಯ ಸುತ್ತ ಕಬ್ಬಿಣದ ಬಳೆ ತೊಡಿಸುತ್ತಾರಲ್ಲ, ಅದೇ ಹಳಿ. ಅದನ್ನು ಗಾಲಿಗಿಂತ ಒಂದು ಬೆರಳು ಗಿಡ್ಡ ಮಾಡಬೇಕು. ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಹಿಗ್ಗಿದಾಗ ತೊಡಿಸಿ ನೀರು ಹುಯ್ದರೆ ಕುಗ್ಗಿ ಗಾಲಿಯನ್ನು ಕಚ್ಚಿ ಹಿಡಿಯುತ್ತದೆ. ಬಾಚವ್ವ ಎರಡು ಬೆರಳು ಗಿಡ್ಡ ಮಾಡಿದಳು. ನೀರು ಬಿದ್ದದ್ದೇ ತಡ, ಹಳಿ ಗಾಲಿಯನ್ನು ನಿಂಬೆಹಣ್ಣಿನ ಹಾಗೆ ಹಿಂಡಿತು. ಗಾಲಿಯ ನಡುವಿನ ಮರದ ಕಡ್ಡಿಗಳು, ಅಂದರೆ ಅರೆಕಾಲುಗಳೆಲ್ಲ, ಕಿತ್ತುಕೊಂಡು ಹಿತ್ತಲ ತುಂಬ ಹಾರಿದವು. ಒಂದು ಹೋಗಿ ಸಿರಿಯಮ್ಮನ ಉಪ್ಪಿನಕಾಯಿ ಜಾಡಿಗೆ ಬಡಿಯಿತು. ಜಾಡಿ ಒಡೆಯಿತು, ಅರೆಕಾಲು ಮಾತ್ರ ಒಂದೂ ಮುರಿಯಲಿಲ್ಲ. ಆಮೇಲೆ ಒಂದು ವರ್ಷ ರೇಚಣ್ಣ ಊಟಕ್ಕೆ ಕೂತಾಗಲೆಲ್ಲ, "ಅನ್ನ ಎರಡು ಬೆರಳು ಕಮ್ಮಿ ಬಡಿಸಬೇಡ ಕಣೇ" ಅನ್ನುತ್ತಿದ್ದ.

ಹೀಗಿರುವಾಗ ಧೂಮ್ರಾಂಗನೆಂಬ ಮಾಯಾವಿ ಆ ಊರಿಗೆ ಬಂದ. ಅವನ ರಥವನ್ನು ಎಳೆಯುತ್ತಿದ್ದದ್ದು ಎರಡು ಕಲ್ಲಿನ ಹುಲಿಗಳು. ಬಲಗಾಲಿ ಸುಮ್ಮನೆ ಉರುಳುತ್ತಿತ್ತು. ಎಡಗಾಲಿ ಎಂಥ ಕಿರುಚು ಕಿರುಚುತ್ತಿತ್ತೆಂದರೆ ರಥ ಹಾದುಹೋದ ಬೀದಿಯಲ್ಲಿ ಹಾಲು ಒಡೆಯುತ್ತಿತ್ತು. ಜನ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿ ನಿಂತರು. ರೇಚಣ್ಣನ ನಾಲಿಗೆ ಮಾತ್ರ ಸುಮ್ಮನಿರಲಿಲ್ಲ.

"ಸ್ವಾಮೀ, ಈ ಊರಲ್ಲಿ ಅಪಸ್ವರ ನನ್ನ ಹಕ್ಕು. ಅದನ್ನೂ ಕಸಿದುಕೊಳ್ಳೋದೇ?"

ಊರೆಲ್ಲ ನಕ್ಕಿತು. ಮಾಯಾವಿ ನಗಲಿಲ್ಲ. ದಂಡದಿಂದ ರೇಚಣ್ಣನನ್ನು ಮುಟ್ಟಿದ. ರೇಚಣ್ಣ ಸಣ್ಣಗಾದ, ಸೆಟೆದುಕೊಂಡ, ಮರವಾದ. ಎಡಗಾಲಿಯಲ್ಲಿ ಹನ್ನೆರಡು ಅರೆಕಾಲುಗಳ ಜಾಗವಿತ್ತು. ಹನ್ನೊಂದರಲ್ಲಿ ಬೇರೆ ಬೇರೆ ಊರುಗಳಲ್ಲಿ ಅವನನ್ನು ಕಂಡು ನಕ್ಕವರಿದ್ದರು. ಹನ್ನೆರಡನೆಯದು ರೇಚಣ್ಣನಾದ.

ರಾಜಕುಮಾರರು ಕತ್ತಿ ಹಿಡಿದು ಹೋದರು, ಕತ್ತಿ ಬಗ್ಗಿಸಿಕೊಂಡು ಬಂದರು. ಬಾಚವ್ವ ರಾಜನ ಬಳಿ ಹೋದಳು. "ಯೋಚನೆ ಮಾಡುತ್ತಿದ್ದೇನಮ್ಮ" ಎಂದ ರಾಜ. ಯೋಚಿಸುವುದು ಎಲ್ಲ ದೇಶದಲ್ಲೂ ರಾಜರ ಕೆಲಸ. ಅಷ್ಟು ಪುರುಸೊತ್ತು ಶ್ಯಾವಿಗೆಯವಳಿಗೆ ಎಲ್ಲಿಂದ ಬರಬೇಕು? ಸುತ್ತಿಗೆ, ಇಕ್ಕುಳ, ಉಳಿಗಳನ್ನು ಗೋಣಿಯಲ್ಲಿ ಕಟ್ಟಿ, ತಿದಿಯನ್ನು ಬೆನ್ನಿಗೇರಿಸಿ, ಅವಳು ಮಾಯಾವಿ ಬೀಡುಬಿಟ್ಟಿದ್ದ ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲೇ ಗಾಲಿಯ ಕಿರುಚಾಟ ಕೇಳಿಸಿತು. ಕಿವಿಗೊಟ್ಟಳು. ಒಂದು, ಎರಡು, ಮೂರನೆಯ ಸ್ವರ ಜಾರಿ ಬಿತ್ತು.

"ಅಯ್ಯೋ, ಇದು ನಮ್ಮವರೇ!" ಎಂದು ಅಲ್ಲೇ ಕೂತು ಅತ್ತಳು. ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು ಮೇಲೆ ಹತ್ತಿದಳು.

"ರಥ ರಿಪೇರಿ ಮಾಡ್ತೀನಿ, ನನ್ನ ಗಂಡನ್ನ ಬಿಡು" ಎಂದಳು ಧೂಮ್ರಾಂಗನಿಗೆ.

ಅವನಿಗೆ ನಗು ಬಂತು. "ಮೂರು ಕೆಲಸ ಕೊಡುತ್ತೇನೆ. ಮಾಡಿದರೆ ನಿನ್ನ ಗಂಡ ನಿನಗೆ. ಒಂದು ಕೆಟ್ಟರೂ ನೀನೇ ನನ್ನ ರಥಕ್ಕೆ ಕೀಲು."

ಅವನು ಮಾತು ಉಳಿಸಿಕೊಳ್ಳುವನೆಂದು ಅವಳೇನೂ ನಂಬಲಿಲ್ಲ. ಗಾಲಿಯ ಹತ್ತಿರ ಹೋಗಲು ಬೇರೆ ದಾರಿ ಇರಲಿಲ್ಲ, ಅಷ್ಟೆ.

ಮೊದಲ ಕೆಲಸ, ಗಾಲಿಯ ಬಾಯಿ ಮುಚ್ಚಿಸುವುದು. ಮಾಯಾವಿಯ ಎಷ್ಟು ಮಂತ್ರಕ್ಕೂ ಅದು ಮುಚ್ಚಿರಲಿಲ್ಲ. ಬಾಚವ್ವ ಹುಲ್ಲು ಸುಟ್ಟು ಕರಿ ಮಾಡಿ, ಹರಳೆಣ್ಣೆಯಲ್ಲಿ ಕಲಸಿ, ಬಂಡಿಯವರು ಮಾಡುವ ಕೀಲೆಣ್ಣೆಯನ್ನೇ ಮಾಡಿದಳು. ಅಚ್ಚಿಗೆ ಬಳಿಯುವ ಮೊದಲು ಅವಳ ಕೈ ತಡೆಯಿತು. ಬಳಿದರೆ ಆ ಜಾರುವ ಸ್ವರವೂ ನಿಲ್ಲುತ್ತದೆ. ಇನ್ನೊಮ್ಮೆ ಕೇಳಲು ಸಿಗದೆ ಹೋದರೆ?

"ತಪ್ಪು ತಿಳೀಬೇಡ್ರಿ" ಎಂದು ಅರೆಕಾಲಿನ ಹತ್ತಿರ ಪಿಸುಗುಟ್ಟಿ ಬಳಿದಳು. ಗಾಲಿ ಮೌನವಾಯಿತು. ಒಂದನೆಯ ಕೆಲಸ ಆಯಿತು.

ಎರಡನೆಯ ಕೆಲಸ, ಕಲ್ಲಿನ ಹುಲಿಗಳಿಗೆ ಲಾಳ ಕಟ್ಟುವುದು. ಮೊದಲ ಹುಲಿ ಹಲ್ಲು ಕಿರಿಯಿತು. ಬಾಚವ್ವ ಅದರ ಪಂಜವನ್ನು ಎತ್ತಿನ ಗೊರಸಿನಂತೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ತಿಂದುಬಿಡ್ತೀನಿ" ಎಂದಿತು ಹುಲಿ.

"ಕಲ್ಲಿನ ಹೊಟ್ಟೆಗೆ ಏನು ತಿನ್ನೋದು? ಅಲ್ಲಾಡಬೇಡ, ನಿಂಗೇ ನೋವಾಗೋದು."

ನಾಲ್ಕು ಪಂಜಕ್ಕೂ ಹದವಾಗಿ ಲಾಳ ಕೂತಾಗ ಹುಲಿ ನಿಟ್ಟುಸಿರು ಬಿಟ್ಟಿತು. "ನೂರು ವರ್ಷದಿಂದ ಅಂಗಾಲು ಉರೀತಿತ್ತು ತಾಯಿ. ಅದರ ಮೇಲೆ ದಿನಾ ಆ ಹೊಂಡದ ತಣ್ಣೀರು ಬೇರೆ."

"ಹೊಂಡಕ್ಕೆ ಯಾಕೆ ಇಳೀತೀರಿ?"

ಹುಲಿ ಸುತ್ತ ನೋಡಿ ಮೆಲ್ಲಗೆ ಹೇಳಿತು. "ಯಜಮಾನನ ಮಾಯೆ ಎಲ್ಲಾ ಎಡಗಾಲಿಯ ಹಳಿಯಲ್ಲಿದೆ. ಗಿಳಿಯೊಳಗೆ ಇಡೋಣ ಅಂತಿದ್ದ, ಗಿಳಿ ಬಾಯಿಬಡುಕ ಅಂತ ಬಿಟ್ಟ. ಹಳಿ ಗಾಲೀನ ಕಚ್ಚಿಕೊಂಡಿರೋ ತನಕ ಅವನನ್ನ ಗೆಲ್ಲೋರಿಲ್ಲ. ಸಡಿಲ ಆಗಬಾರದು ಅಂತ ದಿನಾ ರಥಕ್ಕೆ ಮಂತ್ರಸ್ನಾನ."

ಬಾಚವ್ವನಿಗೆ ನಗು ತಡೆಯಲಾಗಲಿಲ್ಲ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಹಳಿ ಸಡಿಲವಾಗುತ್ತದೆ. ಆಗ ಯಾವ ಬಂಡಿಯವನಾದರೂ ಗಾಲಿಯನ್ನು ಕೆರೆಗೆ ಇಳಿಸಿ ನೆನೆಸುತ್ತಾನೆ. ಅದಕ್ಕೆ ಮಂತ್ರ ಬೇಕಿಲ್ಲ. ಅವಳು ಹೊಂಡದ ಕಡೆ ನೋಡಿದಳು. ಬಿಸಿಲಿಗೆ ಅದು ಬತ್ತಿ ಮೊಣಕಾಲುದ್ದ ಉಳಿದಿತ್ತು.

ಎರಡನೆಯ ಹುಲಿಗೂ ಲಾಳ ಕಟ್ಟಿದಳು. ಎರಡನೆಯ ಕೆಲಸ ಆಯಿತು.

ಮೂರನೆಯ ಕೆಲಸ ಏನಿರಬಹುದೆಂದು ಅವಳಿಗೆ ಮೊದಲೇ ಗೊತ್ತಿತ್ತು.

"ಎಡಗಾಲಿಯ ಹಳಿಯನ್ನು ಇನ್ನೆಂದೂ ಸಡಿಲವಾಗದ ಹಾಗೆ ಬಿಗಿ ಮಾಡು" ಎಂದ ಧೂಮ್ರಾಂಗ. "ಆದರೆ ಕಳಚಕೂಡದು."

"ಕಳಚದೆ ಹೇಗೆ ಬಿಗಿ ಮಾಡೋದು? ಕಳಚಬೇಕು, ತುಂಡು ಕತ್ತರಿಸಬೇಕು, ಬೆಸೀಬೇಕು, ಕಾಯಿಸಿ ಮತ್ತೆ ತೊಡಿಸಬೇಕು. ಬೇಡ ಅಂದ್ರೆ ಬಿಡಿ. ಹೊಂಡ ಇನ್ನೆರಡು ದಿನಕ್ಕೆ ಒಣಗುತ್ತೆ. ಆಮೇಲೆ ಹಳಿ ತಾನಾಗೇ ಕಳಚಿ ಯಾವ ಇಳಿಜಾರಲ್ಲಿ ಉರುಳಿ ಯಾರ ಮನೆ ಸೇರುತ್ತೋ."

ಮಾಯಾವಿಯ ಮುಖ ಬಿಳಿಚಿತು. ಗಾಲಿ ಗಟ್ಟಿಯಾಗಿ ಉಳಿದಿದ್ದರೆ, ಒಂದು ಹಗಲು ಹಳಿ ಅದನ್ನು ಬಿಟ್ಟಿದ್ದರೂ ಮಾಯೆಗೆ ಕೇಡಿಲ್ಲ. ಸೂರ್ಯ ಮುಳುಗಿದರೆ ಮುಗಿಯಿತು. ಅವನೇ ಕೈಯಾರೆ ಹಳಿ ಕಳಚಿ ಅವಳ ಮುಂದಿಟ್ಟು, ದಂಡ ಹಿಡಿದು ಕಾವಲು ಕೂತ. "ಸೂರ್ಯ ಮುಳುಗುವುದರೊಳಗೆ ತೊಡಿಸದಿದ್ದರೆ ಮೊದಲು ನಿನ್ನ ಗಂಡನನ್ನೇ ಸುಟ್ಟು ಬೂದಿ ಮಾಡುತ್ತೇನೆ."

ಬಾಚವ್ವ ದಾರದಿಂದ ಗಾಲಿಯ ಸುತ್ತು ಅಳೆದಳು, ಹಳಿಯ ಸುತ್ತು ಅಳೆದಳು. ಹಳಿ ಒಂದು ಬೆರಳು ಗಿಡ್ಡವಿರಬೇಕು. ಸೀಮೆಸುಣ್ಣದಿಂದ ಗೆರೆ ಎಳೆಯುವಾಗ ಒಡೆದ ಉಪ್ಪಿನಕಾಯಿ ಜಾಡಿ ನೆನಪಾಯಿತು. ಅವತ್ತು ಅರೆಕಾಲು ಒಂದೂ ಮುರಿದಿರಲಿಲ್ಲ. ಇವತ್ತು ಒಂದು ಮುರಿದರೆ? ಆ ಒಂದು ರೇಚಣ್ಣನೇ ಆಗಿದ್ದರೆ? ಆದರೂ ಗೆರೆಯನ್ನು ಇನ್ನೊಂದು ಬೆರಳು ಒಳಕ್ಕೆ ಎಳೆದಳು.

"ಸರಿಯಾಗಿ ಅಳೆದೆಯಾ?" ಎಂದ ಮಾಯಾವಿ. ಅವನು ಜನ್ಮದಲ್ಲಿ ಸುತ್ತಿಗೆ ಹಿಡಿದವನಲ್ಲ.

"ಎರಡು ಸಲ ಅಳೆದಿದ್ದೀನಿ ಸ್ವಾಮೀ. ಇನ್ನು ಕತ್ತರಿಸೋದು ಒಂದೇ ಸಲ."

ಕತ್ತರಿಸಿದಳು, ಬೆಸೆದಳು. ಹಳಿಯ ಸುತ್ತ ಬೆರಣಿ ಜೋಡಿಸಿ ಬೆಂಕಿ ಕೊಟ್ಟು ತಿದಿ ಒತ್ತಿದಳು. ಹಳಿ ದಾಸವಾಳದಂತೆ ಕೆಂಪಾಯಿತು. ಇಕ್ಕುಳದಲ್ಲಿ ಎತ್ತಿ ಗಾಲಿಯ ಮೇಲಿಟ್ಟಳು. ಒಲ್ಲೆ ಒಲ್ಲೆ ಎಂದಿತು. ಸುತ್ತಿಗೆಯಿಂದ ಸುತ್ತ ಬಡಿದು ಬಡಿದು ಕೂರಿಸಿದಳು. ಮರ ಹೊಗೆಯಾಡಿತು.

"ನೀರು, ನೀರು! ಗಾಲಿ ಸುಡ್ತಾ ಇದೆ!" ಎಂದು ಕೂಗಿದಳು.

"ನನ್ನ ಗಾಲಿಗೆ ನಾನೇ ಹುಯ್ಯುತ್ತೇನೆ!" ಎಂದು ಧೂಮ್ರಾಂಗ ಅವಳನ್ನು ಪಕ್ಕಕ್ಕೆ ತಳ್ಳಿ, ಹೊಂಡದಲ್ಲಿ ಉಳಿದಿದ್ದ ನೀರನ್ನೆಲ್ಲ ಮಂತ್ರದಿಂದ ಎತ್ತಿ ಒಮ್ಮೆಲೇ ಸುರಿದ.

ಚುಂಯ್ ಎಂದು ಹಬೆ ಎದ್ದಿತು. ಹಬೆಯೊಳಗೆ ಹಳಿ ಕುಗ್ಗಿತು. ಗಾಲಿ ನರಳಿತು. ಹಳಿ ಇನ್ನೂ ಕುಗ್ಗಿತು. ಆಮೇಲೆ ಫಟ್ ಎಂದು ಒಂದು ಅರೆಕಾಲು ಹಾರಿತು. ಫಟ್, ಫಟ್, ಫಟ್! ಹಾರಿದ ಒಂದೊಂದು ಅರೆಕಾಲೂ ನೆಲಕ್ಕೆ ಬೀಳುವಷ್ಟರಲ್ಲಿ ಒಬ್ಬೊಬ್ಬ ಮನುಷ್ಯನಾಗಿತ್ತು. ಬಾಚವ್ವ ಎಣಿಸುತ್ತಾ ನಿಂತಳು. ಹತ್ತು. ಹನ್ನೊಂದು. ಹಬೆ ಕಣ್ಣು ಕಟ್ಟಿತ್ತು. ಹನ್ನೆರಡನೆಯದು ಕಾಣಲಿಲ್ಲ.

"ಏನ್ರೀ!" ಎಂದು ಕಿರುಚಿದಳು. "ಏನ್ರೀ, ಎಲ್ಲಿದ್ದೀರಿ?"

ಹುಲಿಯ ಹಿಂದಿನಿಂದ ನರಳುವ ದನಿ ಬಂತು. "ಎರಡು ಬೆರಳು ಕಮ್ಮಿ ಮಾಡಿದೆ ತಾನೇ? ನಂಗೊತ್ತಿತ್ತು ಕಣೇ, ನೀನು ಕಲಿಯೋಳಲ್ಲ."

ಬಾಚವ್ವ ನೆಲದ ಮೇಲೆ ಕುಸಿದು ಕೂತಳು. ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ರೇಚಣ್ಣ ಕುಂಟುತ್ತಾ ಬಂದು ಪಕ್ಕದಲ್ಲಿ ಕೂತ. ಅವನ ಮೈಯೆಲ್ಲ ಕೀಲೆಣ್ಣೆಯ ವಾಸನೆ.

ಕಚ್ಚಲು ಗಾಲಿಯಿಲ್ಲದೆ ಹಳಿ ಬರಿಯ ಕಬ್ಬಿಣವಾಗಿ ಬಿದ್ದಿತ್ತು. ಅದು ಕುಗ್ಗಿದಷ್ಟೂ ಧೂಮ್ರಾಂಗನೂ ಕುಗ್ಗಿದ್ದ. ಹಬೆ ತಿಳಿಯಾದಾಗ ಅಲ್ಲಿ ದೊಗಳೆ ನಿಲುವಂಗಿಯೊಳಗೆ ಕೆಮ್ಮುತ್ತ ನಿಂತಿದ್ದವನು ಒಬ್ಬ ಕುಳ್ಳ ಮುದುಕ. ದಂಡ ಬೀಸಿ ನೋಡಿದ, ಒಂದು ನೊಣವೂ ಏಳಲಿಲ್ಲ.

"ಇವನನ್ನ ತಿನ್ನಲಾ?" ಎಂದಿತು ಹುಲಿ. ಅದಕ್ಕೆ ಈಗ ನಿಜವಾದ ಹೊಟ್ಟೆ ಬಂದಿತ್ತು.

"ಬೇಡ ಬಿಡು" ಎಂದಳು ಬಾಚವ್ವ. "ತಿದಿ ಒತ್ತೋಕೆ ನಂಗೊಂದು ಆಳು ಬೇಕು."

ಹನ್ನೊಂದು ಜನ ಹನ್ನೊಂದು ಊರಿಗೆ ನಗುತ್ತಾ ಹೋದರು. ಹುಲಿಗಳು ಲಾಳದ ಸದ್ದು ಮಾಡುತ್ತಾ ಅವಳ ಹಿತ್ತಲಿಗೇ ಬಂದು ಕುಲುಮೆಯ ಬೆಚ್ಚಗೆ ಬಿದ್ದುಕೊಂಡವು. ಸಿರಿಯಮ್ಮ ಬೇಲಿಯನ್ನು ಎರಡಾಳು ಎತ್ತರಿಸಿ, ಅದರ ಮೇಲಿಂದಲೇ ಮಾತು ಮುಂದುವರಿಸಿದಳು. ರಾಜ ಯೋಚನೆ ಮುಗಿಸಿ ಬಾಚವ್ವನಿಗೆ ಕಬ್ಬಿಣ ಬಡಿಯಲು ಹೊಸ ಅಡಿಗಲ್ಲು ಕಳಿಸಿದ.

ಮರುದಿನ ಮುಂಜಾವಿಗೆ ಅರಮನೆಯಿಂದ ಹಾಡು ಕೇಳಿಸಿತು. ಒಂದನೆಯ ಸ್ವರ, ಎರಡನೆಯ ಸ್ವರ. ಊರೆಲ್ಲ ಉಸಿರು ಬಿಗಿಹಿಡಿಯಿತು. ಮೂರನೆಯದು ಜಾರಿ ಬಿತ್ತು. ಊರೆಲ್ಲ ಉಸಿರು ಬಿಟ್ಟಿತು.

ಕಂಚಿನಕೋಟೆಯಲ್ಲಿ ಇವತ್ತಿಗೂ ಯಾರಾದರೂ ಏನನ್ನಾದರೂ ಕೆಡಿಸಿಕೊಂಡು ಪೆಚ್ಚುಮೋರೆ ಹಾಕಿ ಕೂತರೆ ಮನೆಯವರು ಬೈಯುವುದಿಲ್ಲ. "ಇರಲಿ, ಎತ್ತಿಡು, ಒಂದು ದಿನ ಕೆಲಸಕ್ಕೆ ಬರುತ್ತೆ" ಅನ್ನುತ್ತಾರೆ. ಅದಕ್ಕೇ ಆ ಊರಿನವರ ಅಟ್ಟ ತುಂಬಿರುತ್ತದೆ, ಎದೆ ಹಗುರಾಗಿರುತ್ತದೆ.