ಹಿಟ್ಟಿನಲ್ಲಿ ಬರೆದ ಕಲಬುರಗಿ

ಕಲಬುರಗಿ ಪೇಟೆಯನ್ನು ನೀಲಗಂಗಮ್ಮ ಮೊದಲು ನೋಡಿದ್ದು ಜೋಳದ ಹಿಟ್ಟಿನಲ್ಲಿ.

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕಮಲಾಪುರದ ಆ ತುಂಬಿದ ಮನೆಯಲ್ಲಿ ಎದ್ದಿದ್ದವರು ಇಬ್ಬರೇ. ಬೀಸುವ ಕಲ್ಲಿನ ಮುಂದೆ ಅವಳು, ಬಾಳೆತೋಟಕ್ಕೆ ಹೊರಟ ನೆಪದಲ್ಲಿ ಅವಳ ಗಂಡ ದೌಲಪ್ಪ. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಕಲ್ಲು ಗರಗರ ಅನ್ನುವಷ್ಟು ಹೊತ್ತು ಮಾತ್ರ ಅವರ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಕಲ್ಲು ನಿಂತಿತೋ, ಒಳಕೋಣೆಯಲ್ಲಿ ಅತ್ತೆ ಜಯದೇವಿಗೆ ಎಚ್ಚರವಾಯಿತೆಂದೇ ಲೆಕ್ಕ.

ದೌಲಪ್ಪ ಚೆಲ್ಲಿದ ಹಿಟ್ಟನ್ನು ಅಂಗೈಯಿಂದ ಸವರಿ, ಬೆರಳಿನಿಂದ ಗೆರೆ ಎಳೆದ.

“ಇದು ಬ್ರಹ್ಮಪುರ. ಇಲ್ಲಿ ನಮ್ಮ ಚಿಕ್ಕವ್ವನ ಮನಿ, ಅಲ್ಲೇ ಇಳಿಯೂದು. ಮರುದಿನ ಮುಂಜಾನಿ ಶರಣಬಸಪ್ಪನ ಗುಡಿ. ಗುಡಿಯಿಂದ ಹಿಂಗ ಹ್ವಾದ್ರ ಚೌಕ್.”

“ಚೌಕಿನಾಗ ಏನದರೀ?”

“ಏನಿಲ್ಲ ಅಂತ ಕೇಳು. ಬಳಿ ಅಂಗಡಿ, ಅತ್ತರಿನ ಅಂಗಡಿ, ಗಡಿಯಾರ ರಿಪೇರಿ ಮಾಡಾಂವ. ಹೈದ್ರಾಬಾದಿನಿಂದ ಬಂದ ರೇಷ್ಮಿ ಸೀರಿ, ಅರಬಿ.”

ತಲೆ ಮುಚ್ಚಿ ಹಣೆಯವರೆಗೆ ಇಳಿದಿದ್ದ ಸೆರಗಿನ ಕೆಳಗಿಂದ ಒಂದು ಬೆರಳು ಹೊರಗೆ ಬಂತು. ಇನ್ನೊಂದು ಕೈ ಬೀಸುತ್ತಲೇ ಇತ್ತು.

“ಮತ್ತ ಇದು?”

“ಇದು ಕ್ವಾಟಿ.” ದೌಲಪ್ಪ ಕೋಟೆಯ ಜಾಗದಲ್ಲಿ ಒಂದು ಕಡಲೆಕಾಳು ಇಟ್ಟ.

“ಕ್ವಾಟಿ ಬುರುಜಿನ ಮ್ಯಾಲಿಂದ ಕಮಲಾಪುರ ಕಾಣಸ್ತದೇನ್ರಿ?”

“ಇಲ್ಲ. ಭಾಳ ದೂರ.”

ಇದೇ ಪ್ರಶ್ನೆಯನ್ನು ಅವಳು ನಿನ್ನೆಯೂ ಕೇಳಿದ್ದಳು, ಮೊನ್ನೆಯೂ ಕೇಳಿದ್ದಳು. ಪ್ರತಿ ಸಲ ಅದೇ ಉತ್ತರ ಕೇಳಿ ಸುಮ್ಮನಾಗುತ್ತಿದ್ದಳು. ತನ್ನೊಬ್ಬನ ಜೊತೆ ಅಷ್ಟು ದೂರ ಹೋಗಲು ಅಂಜುತ್ತಾಳೆ ಎಂದುಕೊಂಡು ದೌಲಪ್ಪ ಸಪ್ಪಗಾಗುತ್ತಿದ್ದ.

ಅವನ ಸಂಶಯ ಇಂದಿನದಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದು, ಸರಿ. ಆದರೆ ಮದುವೆಯ ದಿನ ಹೊಸಿಲಲ್ಲಿ ನಿಲ್ಲಿಸಿ, ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಆ ಒಡಪು ಹೇಳದೆ ಯಾವ ಸೊಸೆಯೂ ಒಳಗೆ ಬಂದದ್ದಿಲ್ಲ. ಇವಳು ಬಂದಳು. ಹೆಂಗಸರು ಎಷ್ಟು ಕಾಡಿದರೂ ತುಟಿ ಬಿಚ್ಚಲಿಲ್ಲ. “ಮನಸ್ಸಿಲ್ಲದ ಮದುವಿ ಏನವ್ವಾ?” ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ದೌಲಪ್ಪನೂ ನಕ್ಕ. ಆ ಮಾತು ಮಾತ್ರ ಅವನ ಎದೆಯಲ್ಲೇ ಉಳಿಯಿತು. ಅಂದಿನಿಂದ ಅವಳು ಒಮ್ಮೆಯೂ ಮುಖವೆತ್ತಿ ಅವನನ್ನು ನೋಡಿರಲಿಲ್ಲ.

ಆಷಾಢ ಹತ್ತಿರ ಬರುತ್ತಿತ್ತು. ಅವಳನ್ನು ತವರಿಗೆ ಕರೆದೊಯ್ಯಲು ಹುಮನಾಬಾದಿನಿಂದ ಅಣ್ಣ ಬರುವವನಿದ್ದ. ಮನಸ್ಸಿಲ್ಲದೆ ಹೋದವಳು ಮರಳಿ ಬರುತ್ತಾಳೆಯೇ? ಅಷ್ಟರೊಳಗೆ, ನಮ್ಮವರು ಯಾರೂ ಇಲ್ಲದ ಕಡೆ, ಒಂದು ಮಾತು ಕೇಳಿಬಿಡಬೇಕು. ಅದಕ್ಕೇ ಶರಣಬಸಪ್ಪನಿಗೆ ಹರಕೆಯಿದೆ ಎಂದು ತಾಯಿಗೆ ಹೇಳಿ ಈ ಪ್ರವಾಸ ಹೂಡಿದ್ದ.

“ಮಂದ್ಯಾಗ ನಾ ಕಳದು ಹ್ವಾದ್ರ?” ಅವಳು ಕೇಳಿದಳು.

“ನನ್ನ ಜೋಡು ನೋಡ್ಕೋತ ಹಿಂದ ಬಾ. ಹೆಂಗ ಕಳೀತಿ?”

ಆ ಕಾಲ ಜೋಡುಗಳನ್ನು ಅವಳು ಚೆನ್ನಾಗಿ ಬಲ್ಲಳು. ಕೆಂಪು ತೊಗಲು, ಎಡಗಾಲಿನದು ಹಿಮ್ಮಡಿಯ ಹತ್ತಿರ ಕಿತ್ತು ಹಸಿರು ದಾರದಲ್ಲಿ ಹೊಲಿದದ್ದು. ತಲೆ ಬಗ್ಗಿಸಿ ಗಂಡನ ಹಿಂದೆ ನಡೆಯುವ ಹೆಣ್ಣಿಗೆ ಗಂಡನೆಂದರೆ ಮೊದಲು ಅವನ ಹಿಮ್ಮಡಿ.

“ನೀಲಗಂಗಾ, ಕಲ್ಲು ಯಾಕ ನಿಂತದ?” ಒಳಗಿನಿಂದ ಅತ್ತೆಯ ದನಿ.

ದೌಲಪ್ಪ ಗಾಬರಿಯಾಗಿ ಇಡೀ ಪೇಟೆಯನ್ನು ಒಂದೇ ಏಟಿಗೆ ಅಳಿಸಿಹಾಕಿ ಹೊರಗೆ ಓಡಿದ. ಕಲಬುರಗಿ ಅಂದು ರೊಟ್ಟಿಯಾಯಿತು. ಕೋಟೆಯ ಕಡಲೆಕಾಳನ್ನು ಮಾತ್ರ ನೀಲಗಂಗಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕೆಂಬಾಳೆ ಗೊನೆಗಳ ಗಾಡಿಯಲ್ಲಿ, ಗೊನೆಗಳ ನಡುವೆಯೇ ಕೂತು ಅವಳು ಕಲಬುರಗಿಗೆ ಬಂದಳು. ಮರುದಿನ ಬೆಳಿಗ್ಗೆ ಗುಡಿಯ ಮೆಟ್ಟಿಲ ಕೆಳಗೆ ಜೋಡು ಬಿಟ್ಟು ದೌಲಪ್ಪ ಗಂಡಸರ ಸಾಲಿಗೆ ಹೋದ, ಅವಳು ಹೆಂಗಸರ ಸಾಲಿಗೆ.

ದರ್ಶನ ಮುಗಿಸಿ ಹೊರಗೆ ಬಂದಾಗ ಹಸಿರು ದಾರದ ಜೋಡು ಆಗಲೇ ರಸ್ತೆಗಿಳಿದಿತ್ತು. ಎಂದಿನಂತೆ ಮುಂದೆ ಹೊರಟಿದ್ದಾರೆ ಎಂದುಕೊಂಡು ನೀಲಗಂಗಮ್ಮ ಲಗುಬಗೆಯಿಂದ ಬೆನ್ನು ಹತ್ತಿದಳು. ಜೋಡು ಎಡಕ್ಕೆ ತಿರುಗಿದರೆ ತಾನೂ ಎಡಕ್ಕೆ. ಎಲ್ಲಿಂದಲೋ ಅತ್ತರಿನ ಪರಿಮಳ ಬಂತು. ಬಳೆಗಳ ಸದ್ದು, ಉರ್ದು ಕನ್ನಡ ಎರಡೂ ಬೆರೆತ ಕೂಗು ಕೇಳಿಸಿತು. ಇದೇ ಚೌಕ್ ಇರಬೇಕು ಎಂದು ಕನಸಿನಲ್ಲಿ ನಡೆದಂತೆ ನಡೆದಳು. ಬಳೆ ಅಂಗಡಿಯ ಮುಂದೆ ನಿಲ್ಲುತ್ತಾರೆ ಅಂದುಕೊಂಡಳು. ಜೋಡು ತಂಬಾಕಿನ ಅಂಗಡಿಯ ಮುಂದೆ ನಿಂತಿತು. ಮೇಲಿನಿಂದ ಗೊರಗೊರ ಕೆಮ್ಮು ಕೇಳಿಸಿತು.

ಸೆರಗನ್ನು ಬೆರಳಷ್ಟು ಎತ್ತಿ ನೋಡಿದಳು. ಬಿಳಿ ಮೀಸೆಯ ಮುದುಕ!

“ಯಾರವ್ವಾ ನೀ? ನನ್ನ ಬೆನ್ನ ಹತ್ತೀದಿ ಯಾಕ?”

ಅವಳು ಅವನ ಕಾಲು ತೋರಿಸಿದಳು. ಮುದುಕ ಬಗ್ಗಿ ನೋಡಿಕೊಂಡ.

“ಅಯ್ಯ ಶಿವನೇ, ಇವು ನನ್ನವಲ್ಲ! ಅದಕ್ಕಽ ಗುಡಿಯಿಂದ ಇಷ್ಟು ಹಗುರ ನಡೀಲಾಕತ್ತೀನಿ.” ಜೋಡು ಕಳಚಿ ಕೈಯಲ್ಲಿ ಹಿಡಿದ. “ಅಳಬ್ಯಾಡವ್ವಾ. ನಾ ಮಾಪಣ್ಣ, ಇಡೀ ಚೌಕಿಗಿ ಗುರ್ತಿನಾಂವ. ನಿನ್ನ ಗಂಡನ ಹೆಸರು ಹೇಳು, ಕೂಗಿ ಕರೀತೀನಿ.”

ಅವಳು ಸೆರಗಿನ ತುದಿಯ ಗಂಟು ಮುಟ್ಟಿ ನೋಡಿಕೊಂಡಳು.

“ಹೆಸರು ಇಲ್ಲಿ ಹೇಳೂದಲ್ಲ, ಅಜ್ಜಾ.”

“ಮತ್ತ ಎಲ್ಲಿ ಹೇಳ್ತಿ?”

“ಕ್ವಾಟಿಯಾಗ.”

ಮಾಪಣ್ಣನಿಗೆ ತಲೆಬುಡ ತಿಳಿಯಲಿಲ್ಲ. ನೀಲಗಂಗಮ್ಮ ಕಣ್ಣು ಮುಚ್ಚಿದಳು. ಹಿಟ್ಟಿನ ಮೇಲೆ ಗಂಡನ ಬೆರಳು ಕಂಡಿತು. ಗುಡಿ, ಚೌಕ್, ಇಲ್ಲಿಂದ ಬಾಗಿದ ಗೆರೆ, ಕೊನೆಗೆ ಕಡಲೆಕಾಳು. ಕಣ್ಣು ತೆರೆದು ನೆಟ್ಟಗೆ ಹೊರಟಳು. ಜೋಡು ಹಿಡಿದ ಮಾಪಣ್ಣ ಬರಿಗಾಲಲ್ಲಿ ಹಿಂದೆ ಬಂದ. ದಾರಿ ನೋಡಬೇಕಾದ್ದರಿಂದ ಸೆರಗು ಹಿಂದೆ ಸರಿದಿತ್ತು. ಯಾರ ಹಿಮ್ಮಡಿಯೂ ಇಲ್ಲದ ರಸ್ತೆ ಇಷ್ಟು ಅಗಲವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಕೋಟೆಯ ಬಾಗಿಲಲ್ಲಿ ದೌಲಪ್ಪ ನಿಂತಿದ್ದ. ಅವನೂ ಬರಿಗಾಲು, ಮೀನಖಂಡದ ತನಕ ಧೂಳು, ರುಮಾಲು ಬಿಚ್ಚಿಕೊಂಡು ಹೆಗಲಿಗೆ ಬಿದ್ದಿತ್ತು. ಅವಳನ್ನು ಕಂಡವನೇ ಗೋಡೆಗೆ ಕೈಯಿಟ್ಟು ಉಸಿರು ಬಿಟ್ಟ.

“ಗುಡಿ ಎಲ್ಲಾ ಹುಡುಕಿದೆ. ದಿನಾ ಇದನ್ನಽ ಕೇಳ್ತಿದ್ದಿ, ಇಲ್ಲಿಗೇ ಬರ್ತಿ ಅನ್ನಸ್ತು.”

ಮಾಪಣ್ಣ ಜೋಡುಗಳನ್ನು ಅವನ ಮುಂದಿಟ್ಟ. “ತಪ್ಪಾತಪ್ಪಾ, ನಂದೇ ತಪ್ಪು. ಆದ್ರ ಒಂದು ಮಾತು ಕೇಳು. ಇನ್ನ ಮ್ಯಾಲ ಆಕಿನ್ನ ಮುಂದ ಬಿಟ್ಟು ನೀ ಹಿಂದ ನಡಿ. ದಾರಿ ಆಕಿಗಿ ಗೊತ್ತದ.” ಹಾಗೆಂದು ತನ್ನ ಜೋಡು ಹುಡುಕಲು ಗುಡಿಯ ಕಡೆ ಹೊರಟ.

ಇಬ್ಬರೂ ಬುರುಜು ಹತ್ತಿದರು. ಕೆಳಗೆ ಹಿಟ್ಟಿನ ಊರು ನಿಜವಾಗಿ ಹರಡಿತ್ತು. ದರ್ಗಾದ ಬಿಳಿ ಗುಮ್ಮಟ, ಬೇವಿನ ಮರಗಳು, ದೂರದಲ್ಲಿ ರೈಲಿನ ಹೊಗೆ. ಗಾಳಿಗೆ ಅವಳ ಸೆರಗು ಪಟಪಟ ಬಡಿಯುತ್ತಿತ್ತು.

“ಕಮಲಾಪುರ ಯಾವ ಕಡೀರಿ?”

ಅವನು ಕೈ ತೋರಿಸಿದ. ಅಲ್ಲಿ ಮಬ್ಬು ಬಿಟ್ಟರೆ ಏನೂ ಇರಲಿಲ್ಲ. ದೌಲಪ್ಪ ಧೈರ್ಯ ತಂದುಕೊಂಡ.

“ಕಾಣಂಗಿಲ್ಲ ಅಂದಿದ್ನಲ್ಲ. ನನ್ನ ಸಂಗಟ ಬರ್ಲಿಕ್ಕ ಅಂಜಿಕಿ ಇತ್ತೇನು? ಖರೆ ಹೇಳು. ಈ ಮದುವಿ ನಿನಗ ಮನಸ್ಸಿತ್ತೋ ಇಲ್ಲೋ?”

ಅವಳು ತಿರುಗಿ ಕೇಳಿದಳು.

“ಅಲ್ಲಿಂದಾನೂ ಈ ಬುರುಜು ಕಾಣಂಗಿಲ್ಲ, ಅಲ್ರೀ?”

“ಇಲ್ಲ.”

“ಅತ್ತಿಗೂ?”

“ಅವ್ವಗ ಹೆಂಗ ಕಾಣ್ತದ?”

ನೀಲಗಂಗಮ್ಮ ಸೆರಗನ್ನು ಪೂರಾ ಹಿಂದೆ ಸರಿಸಿ ಮುಖವೆತ್ತಿದಳು. ಮೊದಲು ಅವನ ಗಲ್ಲ ನೋಡಿದಳು, ಆಮೇಲೆ ಧೂಳು ಮೆತ್ತಿದ ಹುಬ್ಬು, ಆಮೇಲೆ ಕಣ್ಣು. ಅವಳ ನೋಟ ಅಲ್ಲೇ ನಿಂತಿತು. ಬಾಳೆಯ ಗೊನೆ ಕಡಿಯುವಾಗ ಕೈ ನಡುಗದ ದೌಲಪ್ಪನಿಗೆ ಈಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅವಳು ಸಣ್ಣ ದನಿಯಲ್ಲಿ, ಒಂದೊಂದೇ ಮಾತು ಜೋಡಿಸಿ ಹೇಳಿದಳು:

“ಜ್ವಾಳದ ಹಿಟ್ಟಿನಾಗ ಬರದು ತೋರ್ಸ್ಯಾರ ಊರು,
ಕ್ವಾಟಿ ಬುರುಜಿನ ಮ್ಯಾಲ ನೋಡೋರಿಲ್ಲ ಯಾರು.
ಕೊಟ್ಟ ಮನಸ ಹೊಳ್ಳಿ ನಾ ಇಸಗೊಳ್ಳಂಗಿಲ್ಲ,
ದೌಲಪ್ಪರಾಯರ ಹೆಸರ ಹೇಳ್ಲಿಕ್ಕ ಇನ್ನ ನಾಚಂಗಿಲ್ಲ.”

ತನ್ನ ಹೆಸರು ಇಷ್ಟು ಚೆಂದ ಇದೆಯೆಂದು ದೌಲಪ್ಪನಿಗೆ ಅಂದೇ ತಿಳಿದದ್ದು.

“ಮದುವ್ಯಾಗ ಯಾಕ ಹೇಳಲಿಲ್ಲ?” ಅವನು ಕೇಳಿದ.

“ಅಲ್ಲಿ ಊರಿಗೆಲ್ಲಾ ಹೇಳಬೇಕಿತ್ತು. ನನಗ ನಿಮಗಷ್ಟ ಹೇಳೂದಿತ್ತು.”

“ಇನ್ನೊಮ್ಮೆ ಹೇಳು.”

“ಊಂಹೂಂ. ಇನ್ನ ಮನ್ಯಾಗ, ಕಲ್ಲು ಬೀಸೂಮುಂದ.”

ಬುರುಜಿನಿಂದ ಇಳಿಯುವಾಗ ಅವನು ಅವಳನ್ನು ಮುಂದೆ ಬಿಟ್ಟ. ಅವಳು ಹೋಗಲಿಲ್ಲ, ಪಕ್ಕದಲ್ಲೇ ನಡೆದಳು.

ಕಮಲಾಪುರಕ್ಕೆ ಮರಳಿದ ಮೇಲೆ ಆ ಮನೆಯ ಬೀಸುವ ಕಲ್ಲು ದಿನಾ ತುಸು ಹೆಚ್ಚೇ ತಿರುಗಿತು. ಸೊಸೆಗೆ ಇಷ್ಟು ಕೆಲಸದ ಮೋಹ ಎಲ್ಲಿಂದ ಬಂತು ಎಂದು ಜಯದೇವಿ ನೆರೆಯವರ ಮುಂದೆ ಹೊಗಳಿಕೊಂಡಳು. ಅಣ್ಣ ಬಂದ. ಅವಳು ತವರಿಗೆ ಹೊರಡುವ ದಿನದ ನಸುಕಿನಲ್ಲಿ ದೌಲಪ್ಪ ಹಿಟ್ಟಿನ ಮೇಲೆ ಬೇರೆ ಗೆರೆ ಎಳೆದ.

“ಇದು ಹುಮನಾಬಾದಿನ ದಾರಿ. ಆಷಾಢ ಮುಗಿದ ಮರುದಿನ ನಾ ಎಲ್ಲಿರ್ತೀನಿ, ಹೇಳು ನೋಡೋಣು.”

ನೀಲಗಂಗಮ್ಮ ಕಲ್ಲು ನಿಲ್ಲಿಸಲಿಲ್ಲ. ಒಂದೇ ಕೈಯಿಂದ ಸೆರಗಿನ ಗಂಟು ಬಿಚ್ಚಿ, ಕೋಟೆಯ ಕಡಲೆಕಾಳನ್ನು ತೆಗೆದು, ಗೆರೆಯ ಕೊನೆಯಲ್ಲಿ ತನ್ನ ತವರಿನ ಬಾಗಿಲಿಗೆ ಇಟ್ಟಳು.