ಪಚ್ಚಿಲೆ ಬಡವಾಗುವ ಕಾಲ

ರುಕಯ್ಯಾ ಚಾಕುವಿನ ತುದಿಯನ್ನು ಬಂಡೆಯ ಬಿರುಕಿಗೆ ತೂರಿಸಿ ತಿರುವಿದಳು. ಪುಟ್ಟ ಕಪ್ಪು ಚಿಪ್ಪಿನ ಪಚ್ಚಿಲೆಗಳ ಗೊಂಚಲೊಂದು ಕಿತ್ತು ಅಂಗೈಗೆ ಬಿತ್ತು.

"ಮೆಲ್ಲ, ಮೆಲ್ಲ! ಬೆರಳು ಹೋದೀತು," ಹಿಂದಿನಿಂದ ಮೊಹಿದ್ದೀನ್ ಕೂಗಿದ.

"ಉಳ್ಳಾಲದವಳಿಗೆ ಪಚ್ಚಿಲೆ ಕೀಳ್ಲಿಕ್ಕೆ ಕಲಿಸ್ತೀರಾ? ನೀವು ಬಾಲ್ದಿ ಹಿಡ್ಕೊಳ್ಳಿ, ಸಾಕು."

ಅವನು ಬಾಲ್ದಿ ಹಿಡಿದ. ಕಣ್ಣು ಮಾತ್ರ ಬುರ್ಖಾದ ಒದ್ದೆ ಅಂಚಿನ ಕೆಳಗೆ, ಅವಳ ಪಾದದ ಮೇಲೆ ನಿಂತಿತ್ತು.

"ಎಂತ ನೋಡ್ತೀರಿ?"

"ಪಚ್ಚಿಲೆ."

"ಪಚ್ಚಿಲೆ ಬಂಡೆಯಲ್ಲಿ ಉಂಟು."

ಅವನು ಕಳ್ಳನಂತೆ ನಕ್ಕ. ಮದುವೆಯಾಗಿ ಐದು ವರ್ಷವಾಗಿತ್ತು. ಆದರೆ ಒಟ್ಟಿಗೆ ಕಳೆದದ್ದು ಅವನ ಎರಡು ರಜೆ, ಈಗ ಅವನು ದುಡಿಯುವ ಅರಬ್ ಊರು ಜುಬೈಲಿನಲ್ಲಿ ಈ ವಿಸಿಟ್ ವೀಸಾದ ತಿಂಗಳುಗಳು, ಅಷ್ಟೆ. ಅದಕ್ಕೇ ಇರಬೇಕು, ಒಬ್ಬರನ್ನೊಬ್ಬರು ನೋಡುವಾಗ ಇಬ್ಬರಿಗೂ ಇನ್ನೂ ಮೊನ್ನೆ ನಿಕಾಹ್ ಆದ ನಾಚಿಕೆ. ಎಂಬತ್ತಮೂರರ ಆ ಮೇ ತಿಂಗಳು ಮುಗಿಯುವ ಮೊದಲು ಅವಳು ಊರಿನ ವಿಮಾನ ಹತ್ತಬೇಕಿತ್ತು.

ನಡುವಿನ ವರ್ಷಗಳಲ್ಲಿ ಅವಳ ಪಾಲಿಗೆ ಅವನೆಂದರೆ ಒಂದು ದನಿ. ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದ. ಅತ್ತೆ ಮಲಗಿದ ಮಧ್ಯಾಹ್ನಗಳಲ್ಲಿ ಅವಳು ಟೇಪ್ ರೆಕಾರ್ಡರನ್ನು ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದಳು. ಅವನು ತನ್ನ ಬಗ್ಗೆ ಹೇಳುತ್ತಿದ್ದದ್ದು ಕಡಿಮೆ, ಸಮುದ್ರದ ಬಗ್ಗೆಯೇ ಹೆಚ್ಚು. ಇಂದು ನೀರು ಹಸಿರಾಗಿತ್ತು, ಇಂದು ಹಾಲಿನಂತಿತ್ತು. ಮಾತು ಮುಗಿದ ಮೇಲೂ ರೀಲು ತಿರುಗುತ್ತಿತ್ತು, ಅದರೊಳಗೆ ಅಲೆ. ಅವಳು ಅದನ್ನೂ ಕೊನೆಯವರೆಗೆ ಕೇಳುತ್ತಿದ್ದಳು.

ಬಂಡೆಯ ಮೇಲೆ ಕೂತು ರುಕಯ್ಯಾ ಒಂದು ಪಚ್ಚಿಲೆ ಬಿಡಿಸಿದಳು. ಒಳಗೆ ತೆಳ್ಳನೆಯ, ನೀರು ನೀರಾದ ಮಾಂಸ. ಇನ್ನೊಂದನ್ನು ಬಿಡಿಸಿದಳು. ಅದೂ ಹಾಗೆಯೇ.

"ಇದೆಂತ, ರೋಗವಾ? ಮಳೆಗೆ ಮುಂಚೆ ಅಲ್ವಾ ಪಚ್ಚಿಲೆ ತುಂಬಿರುವುದು? ಉಮ್ಮ ಈಗಲೇ ಅಲ್ವಾ ಅಕ್ಕಿ ಅರೆದು ತುಂಬಿಸಿ ಬೇಯಿಸುವುದು?"

ಮೊಹಿದ್ದೀನ್ ಬಿದ್ದು ಬಿದ್ದು ನಕ್ಕ. "ಉಳ್ಳಾಲದ ಕ್ಯಾಲೆಂಡರ್ ಇಲ್ಲಿ ನಡೀತದಾ ಮಾರಾಯ್ತಿ? ಇಲ್ಲಿ ಮಳೆ ಎಲ್ಲುಂಟು?"

ಅವನ ಕೆಲಸವೇ ಇದು. ಕಾರ್ಖಾನೆಗೆ ಸಮುದ್ರದ ನೀರು ಎಳೆಯುವ ಪೈಪುಗಳಲ್ಲಿ ಪಚ್ಚಿಲೆ ಬೆಳೆದು ಕಟ್ಟಿಕೊಳ್ಳುತ್ತಿತ್ತು. ಮರಿಗಳು ಯಾವಾಗ ಬರುತ್ತವೆಂದು ತಿಳಿಯಲು ಅವನು ತಿಂಗಳು ತಿಂಗಳೂ ಪಚ್ಚಿಲೆ ಬಿಡಿಸಿ, ಮಾಂಸ ಒಣಗಿಸಿ ತೂಗುತ್ತಿದ್ದ.

"ಚಳಿಯಲ್ಲಿ ತಿಂದು ತಿಂದು ಮೈಯಲ್ಲಿ ಕೂಡಿಸಿಡ್ತವೆ. ನೀರು ಬೆಚ್ಚಗಾಗುವಾಗ ಅದೆಲ್ಲ ಮೊಟ್ಟೆ ಆಗ್ತದೆ, ಬೀಜ ಆಗ್ತದೆ. ಮತ್ತೆ ಒಂದು ದಿನ ಎಲ್ಲ ಒಟ್ಟಿಗೆ ನೀರಿಗೆ ಬಿಡುವುದು, ಆಮೇಲೆ ಹೀಗೆ ಬಡವಾಗುವುದು. ಒಂದು ಶುರು ಮಾಡಿದ್ರೆ ಪಕ್ಕದ್ದೂ ತಡೆಯುವುದಿಲ್ಲ."

"ಥೂ! ಶುಕ್ರವಾರ ಮಾತಾಡುವ ಮಾತಾ ಇದು?" ಅವಳ ಕಿವಿ ಕೆಂಪಾಯಿತು.

"ಲ್ಯಾಬಿನ ಡಾಕ್ಟರ್ ಕಲಿಸಿದ್ದು, ನಂದಲ್ಲ."

"ಬಿಡ್ಲಿಕ್ಕೆ ಆಗದಿದ್ರೆ?"

"ಹೊತ್ತು ತಪ್ಪಿದ್ರಾ? ಆ ಮೊಟ್ಟೆಯನ್ನು ಅದೇ ಮೈ ವಾಪಸ್ ಕರಗಿಸಿಕೊಳ್ತದೆ."

ಹೇಳಿದ ಮೇಲೆ ಅವನಿಗೆ ತಾನೇನು ಹೇಳಿದೆನೆಂದು ತಿಳಿಯಿತು. ರುಕಯ್ಯಾ ಖಾಲಿ ಚಿಪ್ಪನ್ನು ಮುಚ್ಚುತ್ತಿದ್ದಳು, ತೆರೆಯುತ್ತಿದ್ದಳು. ಅವನ ರಜೆ ಮುಗಿದ ಪ್ರತಿ ಸಲವೂ ಮನೆಯ ಹೆಂಗಸರು ಒಂದೆರಡು ತಿಂಗಳು ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಡುತ್ತಿದ್ದರು.

"ಬುರೈದಾದ ಕೆಲಸ ಇನ್ನೂ ಖಾಲಿ ಉಂಟು," ಅವನು ಮೆಲ್ಲನೆ ಅಂದ. "ಖರ್ಜೂರದ ಕೋಲ್ಡ್ ಸ್ಟೋರೇಜ್. ಫ್ಯಾಮಿಲಿ ಕ್ವಾರ್ಟರ್ಸ್ ಕೊಡ್ತಾರೆ, ನಿನಗೂ ಉಳಿಯಲಿಕ್ಕೆ ಇಕಾಮಾ ಆಗ್ತದೆ. ಇಲ್ಲಿ ಡಾಕ್ಟರ್ ದೊಡ್ಡ ಪೋಸ್ಟಿಗೆ ನನ್ನ ಹೆಸರು ಬರೆದಿದ್ದಾರೆ. ಆದ್ರೆ ಬ್ಯಾಚುಲರ್ ಕ್ಯಾಂಪ್, ಹೆಂಡತಿಗೆ ಜಾಗ ಇಲ್ಲ."

"ಬುರೈದಾದಲ್ಲಿ ಸಮುದ್ರ?"

"ಮರಳು."

ಬುರೈದಾಕ್ಕೆ ಹೋಗೋಣ ಎಂಬ ಮಾತು ಅವಳ ನಾಲಿಗೆಯವರೆಗೆ ಬಂತು. ಅದನ್ನು ಅಲ್ಲಿಯೇ ಹಿಡಿದಳು.

"ಹೇಳು ರುಕಯ್ಯಾ."

"ಹೇಳುವುದಿಲ್ಲ. ನಾಳೆ ಆ ಮರಳಲ್ಲಿ ಕೂತು ನನ್ನ ಮುಖ ನೋಡಿ ನಿಟ್ಟುಸಿರು ಬಿಡ್ಲಿಕ್ಕಾ? ನಂಗೆ ಅರ್ಧ ಮನಸ್ಸಿನ ಗಂಡ ಬೇಡ. ಅದಕ್ಕೆ ಕ್ಯಾಸೆಟ್ಟೇ ಸಾಕು."

ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಲ್ಯಾಬಿನ ಮುಖ್ಯಸ್ಥ, ಈಜಿಪ್ಟಿನ ಡಾಕ್ಟರ್, ಕಾರಿನಿಂದಿಳಿದು ದಡದವರೆಗೆ ಬಂದರು. ರುಕಯ್ಯಾ ಮುಸುಕು ಎಳೆದುಕೊಂಡಳು. ಡಾಕ್ಟರ್ ಮರ್ಯಾದೆಗೆ ಮುಖ ಸಮುದ್ರದ ಕಡೆ ತಿರುಗಿಸಿ, ತಮಗೆ ಬರುವ ಹಿಂದಿಯಲ್ಲಿ ಅಲೆಗಳಿಗೇ ಹೇಳುವಂತೆ ಹೇಳಿದರು.

"ಮಬ್ರೂಕ್, ಮೊಹಿದ್ದೀನ್! ಪೋಸ್ಟ್ ಬಂತು. ಹೊಸ ಲ್ಯಾಬ್ ನಿನ್ನದು. ಕಿಟಕಿ ತೆರೆದರೆ ನೀರು."

"ಫ್ಯಾಮಿಲಿ, ಡಾಕ್ಟರ್?"

"ಕೇಳಿದೆ, ಎರಡು ಸಲ ಕೇಳಿದೆ. ಒಪ್ಪಲಿಲ್ಲ. ಎರಡು ವರ್ಷ ತಡೆದುಕೋ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತದೆ."

ಅವರು ಲ್ಯಾಬಿನ ಕೀ ಚಾಚಿದರು. ಹೊಸದು, ಬಿಸಿಲಿಗೆ ಹೊಳೆಯುತ್ತಿತ್ತು.

ಮೊಹಿದ್ದೀನ್ ಸಮುದ್ರವನ್ನು ನೋಡಿದ. ಅಷ್ಟು ಹೊತ್ತು ಅವನು ತನ್ನನ್ನೂ ಎಂದೂ ನೋಡಿರಲಿಲ್ಲ ಎಂದು ರುಕಯ್ಯಾಳಿಗೆ ಅನ್ನಿಸಿತು. ಆಮೇಲೆ ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೀ ತೆಗೆದುಕೊಳ್ಳಲಿಕ್ಕೇ ಎಂದುಕೊಂಡು ಅವಳು ಕಣ್ಣು ಕೆಳಗಿಳಿಸಿದಳು.

"ಬೇಡ, ಡಾಕ್ಟರ್," ಅಂದ ಮೊಹಿದ್ದೀನ್.