ಅಪ್ಪ ಮಾತಾಡದ ಸಾಲಿ

“ಸರ್, ಲ್ಯಾಬಿನ್ಯಾಗ ಹುಡಿಗ್ಯಾರ ಕೈಗೆ ಸಾಮಾನ ಕೊಡ್ತೀರೋ, ಬರೇ ದೂರ ನಿಂದ್ರಿಸಿ ತೋರಸ್ತೀರೋ?”

ಶಿದ್ರಾಮಪ್ಪ ಕೇಳಿದ್ದು ಎದುರಿಗೇ ಕುಳಿತಿದ್ದ ಹೆಡ್‌ಮಾಸ್ತರರನ್ನು. ಕೇಳಿಸಿದ್ದು ಮಾತ್ರ ಗೇಟಿನವರೆಗೆ. ಅಡ್ಮಿಶನ್ನಿಗೆಂದು ಹೊರಗೆ ನಿಂತಿದ್ದವರೆಲ್ಲ ಒಳಗೆ ಇಣುಕಿದರು. ಯಾರೋ ಕಿಸಕ್ಕನೆ ನಕ್ಕರು.

ಅವನ ಮಗಳು ವೈಶಾಲಿ ತನ್ನ ಚಪ್ಪಲಿಯನ್ನೇ ನೋಡುತ್ತ ಕುಳಿತಳು. ಕಿವಿ ಎರಡೂ ಬಿಸಿಯಾಗಿದ್ದವು.

ಅಪ್ಪನಿಗೆ ಸಿಟ್ಟೇನೂ ಬಂದಿರಲಿಲ್ಲ. ಅವನು ಮಾತಾಡುವುದೇ ಹಾಗೆ. ಬನಹಟ್ಟಿಯ ಅವರ ಮನೆಯಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗ. ಬೆಳಗಾದರೆ ಸಾಕು, ಖಟಖಟ ಖಟಖಟ. ಆ ಸದ್ದಿನಲ್ಲಿ ಒಂದು ತಂಬಿಗೆ ನೀರು ಬೇಕೆಂದರೂ ಕೂಗಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಇಪ್ಪತ್ತು ವರ್ಷ ಹಾಗೆ ಬದುಕಿದವನಿಗೆ ಸಣ್ಣ ದನಿ ಮರೆತೇ ಹೋಗಿತ್ತು.

ಹೊರಗೆ ಬಂದರೆ ಅವಳ ಕ್ಲಾಸಿನ ಗೌರೀಶ ನಿಂತಿದ್ದ. ಏಳನೇ ಕ್ಲಾಸು ಮುಗಿಸಿ ಅವನೂ ಹೈಸ್ಕೂಲು ನೋಡಲು ಬಂದಿದ್ದ.

“ನಿಮ್ಮಪ್ಪ ಮೈಕ್ ನುಂಗ್ಯಾನೇನಬೇ?” ಎಂದ.

ಅಲ್ಲಿಂದ ಅಪ್ಪ ಮಗಳು ಮಹಾಲಿಂಗಪುರದ ಬಸ್ಸು ಹತ್ತಿದರು. ನೋಡಬೇಕಾದ ಇನ್ನೊಂದು ಹೈಸ್ಕೂಲು ಅಲ್ಲಿತ್ತು. ವೈಶಾಲಿಯ ಮನಸ್ಸೆಲ್ಲ ಮೊದಲಿನಿಂದಲೂ ಅದರ ಮೇಲೆಯೇ. ಅಲ್ಲಿ ಹುಡುಗಿಯರ ಖೋಖೋ ಟೀಮು ಇದೆಯಂತೆ, ದೊಡ್ಡ ಲೈಬ್ರರಿ ಇದೆಯಂತೆ.

“ಅಲ್ಲೆರ ಬಾಯಿ ತೆರೀಬ್ಯಾಡಪಾ,” ಎಂದಳು. “ಎಲ್ಲಾರೂ ನಗ್ತಾರ.”

ಶಿದ್ರಾಮಪ್ಪ ಅವಳ ಮುಖ ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ.

ಆ ಸಾಲಿಯ ಹೆಡ್‌ಮೇಡಮ್ಮು ಫಾರ್ಮು ತೆಗೆದು, ನಿಮ್ಮ ಹೆಸರೇನು ಎಂದು ಕೇಳಿದರು. ಅಪ್ಪ ಮಗಳ ಕಡೆ ನೋಡಿದ. ವೈಶಾಲಿಯೇ ಗಡಿಬಿಡಿಯಲ್ಲಿ ಹೇಳಿದಳು. ಏನು ಕೆಲಸ ಎಂದಾಗಲೂ ಅವಳೇ. ಎಷ್ಟು ಮಕ್ಕಳು ಎಂದಾಗಲೂ ಅವಳೇ.

ಮೇಡಮ್ಮು ಪೆನ್ನು ಕೆಳಗಿಟ್ಟರು.

“ಅಪ್ಪಾಗ ಮಾತು ಬರಂಗಿಲ್ಲೇನವಾ?” ಎಂದು ಮೆಲ್ಲಗೆ ಕೇಳಿದರು.

ವೈಶಾಲಿ ಅಪ್ಪನ ಕಡೆ ನೋಡಿದಳು. ಅಪ್ಪ ಈಗ ಗಟ್ಟಿಯಾಗಿ ನಕ್ಕುಬಿಡುತ್ತಾನೆ ಎಂದುಕೊಂಡಳು. ಅವನು ನಗಲಿಲ್ಲ, ಅವಳನ್ನೇ ನೋಡುತ್ತಿದ್ದ. ಅವಳು ತಲೆ ತಗ್ಗಿಸಿದಳು. ಮೇಡಮ್ಮು ಅದನ್ನೇ ಹೌದು ಎಂದು ತಿಳಿದರು.

ಕಿವಿಯೂ ಕೇಳಿಸದೇನೋ ಎಂದು ಮುಂದಿನದೆಲ್ಲ ಅವರು ಕೈ ಮಾಡಿಯೇ ಹೇಳಿದರು. ಸ್ಟೇರಿಂಗ್ ತಿರುಗಿಸಿ ತೋರಿಸಿ, ಸಾಲಿಗೆ ಬಸ್ಸಿದೆ ಎಂದರು. ಶಿದ್ರಾಮಪ್ಪನೂ ಕೈ ಎತ್ತಿದ. ಮಗ್ಗದ ಸದ್ದಿನಲ್ಲಿ ಹೆಂಡತಿ ಮಾದೇವಿಯೊಂದಿಗೆ ದಿನವೆಲ್ಲ ಮಾತಾಡುವ ಕೈಗಳು ಅವು. ಸಂಜೆ ಬಸ್ಸು ಎಷ್ಟಕ್ಕೆ, ಕುಡಿಯುವ ನೀರು ಎಲ್ಲಿ, ಎಲ್ಲವನ್ನೂ ಕೇಳಿದವು. ಕೊನೆಗೆ ಬಾಟಲಿಯಿಂದ ಬಾಟಲಿಗೆ ಸುರಿಯುವಂತೆ ಮಾಡಿ, ಮಗಳತ್ತ ಬೆರಳು ತೋರಿಸಿ, ಹುಬ್ಬು ಹಾರಿಸಿದ.

ಮೇಡಮ್ಮಿಗೆ ಥಟ್ಟನೆ ತಿಳಿಯಿತು. ಲ್ಯಾಬಿನಲ್ಲಿ ಅವಳ ಕೈಗೇ ಕೊಡುತ್ತೇವೆ ಎಂದು ತಾವೂ ಸುರಿದು ತೋರಿಸಿದರು. ಇಂಥ ಅಪ್ಪ ಎಲ್ಲರಿಗೂ ಸಿಗುವುದಿಲ್ಲ ಎಂದು ವೈಶಾಲಿಗೆ ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಇಲ್ಲಿ ಯಾರೂ ನಗಲಿಲ್ಲ. ಆದರೂ ವೈಶಾಲಿಗೆ ಕುರ್ಚಿಯ ಕೆಳಗೆ ಸೇರಿಕೊಳ್ಳಬೇಕೆನಿಸಿತು.

ಸೀಟು ಸಿಕ್ಕಿತು. ಮೆಟ್ಟಿಲ ಹತ್ತಿರ ಶಿದ್ರಾಮಪ್ಪ ಅತ್ತಿತ್ತ ನೋಡಿ ಅವಳ ಕಿವಿಯತ್ತ ಬಗ್ಗಿದ. ಪಿಸುಮಾತು ರೂಢಿಯಿಲ್ಲದ ಗಂಟಲು ಗೊರಗೊರ ಎಂದಿತು.

“ಸಾಲಿ ಭಾಳ ಛಲೋ ಐತಿ ಯವ್ವಾ. ಇಲ್ಲೇ ಹಚ್ಚೂಣು. ಮೀಟಿಂಗ್ ಇದ್ದಾಗ ನಿಮ್ಮವ್ವ ಬರ್ತಾಳ. ನಾ ಬಂದ್ರೂ ಹಿಂಗ ಕೈ ಮಾಡಿ ಹೋಕ್ಕೇನಿ. ಮೂರ ವರ್ಷ ಅಲ್ಲೇನ, ಹೋಗ್ತಾವ.”

ಹಾಗೆನ್ನುವಾಗ ಅವನ ಮುಖದಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. ಖುಷಿಯಾಗಿಯೇ ಇದ್ದ.

ವೈಶಾಲಿಗೆ ಮೂರು ವರ್ಷವೂ ಒಮ್ಮೆಲೇ ಕಣ್ಣಿಗೆ ಬಂತು. ಸಾಲಿಯ ವರ್ಷದ ಗ್ಯಾದರಿಂಗ್ ದಿನ ಎಲ್ಲರ ಅಪ್ಪಂದಿರು ಹರಟೆ ಹೊಡೆಯುತ್ತಾರೆ. ನಡುವೆ ಇವನೊಬ್ಬ, ತುಟಿ ಮುಚ್ಚಿಕೊಂಡು, ನಗುತ್ತ, ಕೈ ಆಡಿಸುತ್ತ ನಿಂತಿರುತ್ತಾನೆ.

“ಇಲ್ಲೇ ನಿಂದ್ರಪಾ, ಬಂದ್ನಿ,” ಎಂದು ಅವಳು ಮತ್ತೆ ಆಫೀಸಿನತ್ತ ನಡೆದಳು. ಸುಳ್ಳು ಹೇಳಿದವಳೆಂದು ಕೊಟ್ಟ ಸೀಟನ್ನು ವಾಪಸು ತೆಗೆದುಕೊಳ್ಳಲೂಬಹುದು.

ಮೇಡಮ್ಮು ಅವಳ ಫಾರ್ಮಿನಿಂದ ತಲೆ ಎತ್ತಿದರು.

“ನಮ್ಮಪ್ಪಾಗ ಮಾತು ಬರ್ತಾವ್ರಿ,” ಎಂದಳು ವೈಶಾಲಿ. “ನಾನ ಆಡಬ್ಯಾಡ ಅಂದಿದ್ನಿ.”